ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್: ರಜೆಯ ತಿಂಗಳು ನೋಡಿ ದ್ವೀಪ ಆರಿಸುವ ಬಗೆ

ಉಷ್ಣವಲಯದ ದ್ವೀಪರಾಷ್ಟ್ರವೊಂದನ್ನು ನೋಡಿ ಬರಬೇಕೆಂದು ಬೆಂಗಳೂರಿನ ಮನೆಯೊಂದರಲ್ಲಿ ಮಾತು ಶುರುವಾದರೆ ಸಾಮಾನ್ಯವಾಗಿ ಮೂರು ಹೆಸರುಗಳು ಮುಂದೆ ಬರುತ್ತವೆ: ಶ್ರೀಲಂಕಾ, ಮಾಲ್ಡೀವ್ಸ್ ಮತ್ತು ಮಾರಿಷಸ್. ಮೂರೂ ಹಿಂದೂ ಮಹಾಸಾಗರದ ದೇಶಗಳು. ಪ್ರವಾಸ ಸಂಸ್ಥೆಗಳ ಜಾಹೀರಾತಿನಲ್ಲಿ ಮೂರಕ್ಕೂ ಅದೇ ತಿಳಿನೀಲಿ ನೀರು, ಅದೇ ಬಿಳಿ ಮರಳು, ಅದೇ ಬಾಗಿದ ತೆಂಗು. ಚಿತ್ರ ನೋಡಿ ಆರಿಸಹೊರಟವರಿಗೆ ಇವುಗಳ ನಡುವಿನ ಅಂತರ ಕಾಣುವುದೇ ಇಲ್ಲ. ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಮಾರಿಷಸ್‌ನ ಮುಖ್ಯ ದ್ವೀಪ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ಚಿಕ್ಕದು. ಮಾಲ್ಡೀವ್ಸ್‌ನಲ್ಲಿ ಹೆಚ್ಚುಕಡಿಮೆ 1,200 ದ್ವೀಪಗಳಿದ್ದರೂ ಎಲ್ಲವನ್ನೂ ಒಟ್ಟುಗೂಡಿಸಿದರೆ ಸಿಗುವ ನೆಲ ಸುಮಾರು 300 ಚದರ ಕಿಲೋಮೀಟರ್ ಮಾತ್ರ, ಮತ್ತು ಆ ನೆಲ ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ದೂರ ಕಡಲಿನಲ್ಲಿ ಚೆದುರಿಹೋಗಿದೆ.

ಇಷ್ಟು ಬೇರೆ ಬೇರೆಯಾದ ದೇಶಗಳ ನಡುವೆ ‘ಯಾವುದು ಹೆಚ್ಚು ಸುಂದರ’ ಎಂದು ಕೇಳುವುದರಿಂದ ಉಪಯೋಗವಿಲ್ಲ. ಮೊದಲು ಕೇಳಬೇಕಾದದ್ದು ಯಾವ ತಿಂಗಳಿನಲ್ಲಿ ರಜೆ ಸಿಗುತ್ತದೆ ಎಂಬುದನ್ನು. ಅದಾದ ಮೇಲೆ ಜೊತೆಗೆ ಬರುವವರು ಯಾರು, ಅವರಲ್ಲಿ ನೀರಿಗಿಳಿಯುವವರು ಎಷ್ಟು ಮಂದಿ, ಊಟದ ಕಟ್ಟುಪಾಡುಗಳೇನು ಎಂಬುದನ್ನು ಕೇಳಬೇಕು. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ದೇಶ ತಾನಾಗಿಯೇ ಗೊತ್ತಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ದೇಶವನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಮಕ್ಕಳ ರಜೆಗೆ ಅದನ್ನು ಹೊಂದಿಸಹೋಗಿ, ಕೊನೆಗೆ ಮಳೆಯಲ್ಲಿ ಹೋಟೆಲಿನ ಕೋಣೆಯೊಳಗೇ ಕುಳಿತು ಬಂದವರು ನಮ್ಮಲ್ಲಿ ಕಡಿಮೆಯಿಲ್ಲ.

ಮಳೆಯ ಲೆಕ್ಕ

ಶ್ರೀಲಂಕಾಕ್ಕೆ ನಮ್ಮಂತೆಯೇ ಮುಂಗಾರು ಹಿಂಗಾರುಗಳೆರಡೂ ಇವೆ, ಆದರೆ ಅವು ದ್ವೀಪವನ್ನು ಹಂಚಿಕೊಂಡಿವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಪಶ್ಚಿಮ ಮತ್ತು ದಕ್ಷಿಣ ಕರಾವಳಿಗೂ ಮಧ್ಯದ ಬೆಟ್ಟಗಳ ಪಶ್ಚಿಮ ಮಗ್ಗುಲಿಗೂ ಮಳೆ ಸುರಿಸುತ್ತದೆ. ಆ ಹೊತ್ತಿಗೆ ಬೆಟ್ಟಗಳ ಮರೆಯಲ್ಲಿರುವ ಪೂರ್ವ ಕರಾವಳಿಯಲ್ಲಿ ಬಿಸಿಲಿದ್ದು ಕಡಲು ಶಾಂತವಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇದು ಅದಲುಬದಲಾಗಿ, ಹಿಂಗಾರು ಪೂರ್ವಕ್ಕೂ ಉತ್ತರಕ್ಕೂ ಮಳೆ ತರುತ್ತದೆ, ಗಾಲೆ ಮಿರಿಸ್ಸಾಗಳ ದಕ್ಷಿಣ ತೀರ ಒಣಗಿರುತ್ತದೆ. ಘಟ್ಟದ ಮೇಲೊಂದು ಮಳೆ, ಕೆಳಗೊಂದು ಮಳೆ ಎಂಬುದನ್ನು ಕಂಡು ಬೆಳೆದ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದ್ದರಿಂದ ‘ಶ್ರೀಲಂಕಾದಲ್ಲಿ ಈಗ ಮಳೆಗಾಲವೇ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಕರಾವಳಿಯ ಮಾತು ಎಂದು ತಿರುಗಿ ಕೇಳಬೇಕು. ಎರಡು ಮಳೆಗಾಲಗಳ ನಡುವಿನ ಅಕ್ಟೋಬರ್ ಮತ್ತು ನವೆಂಬರ್ ಮಾತ್ರ ಇಡೀ ದ್ವೀಪಕ್ಕೇ ಮಳೆಯ ತಿಂಗಳುಗಳು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೂ ಆಗಲೇ ಹೆಚ್ಚು.

ಮಾಲ್ಡೀವ್ಸ್‌ನಲ್ಲಿ ಬೆಟ್ಟವಿಲ್ಲ, ಮಳೆಯ ಮರೆಯೂ ಇಲ್ಲ. ಅಲ್ಲಿನವರು ವರ್ಷವನ್ನು ಎರಡಾಗಿ ವಿಂಗಡಿಸುತ್ತಾರೆ: ಈಶಾನ್ಯದ ಗಾಳಿಯ ಒಣಕಾಲ ‘ಇರುವೈ’, ನೈಋತ್ಯದ ಗಾಳಿಯ ಮಳೆಗಾಲ ‘ಹುಳಂಗು’. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣಕಾಲ, ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆಗಾಲ ಎಂದು ಸ್ಥೂಲವಾಗಿ ತಿಳಿದುಕೊಳ್ಳಬಹುದು.

ಮಾರಿಷಸ್ ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ಲೆಕ್ಕ ತಿರುಗುಮುರುಗು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬೇಸಿಗೆಯ ಸೆಕೆ ಮತ್ತು ಮಳೆ, ಅದರಲ್ಲೂ ಜನವರಿಯಿಂದ ಮಾರ್ಚ್‌ವರೆಗೆ ಚಂಡಮಾರುತಗಳ ಭಯ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹಿತವಾದ ಚಳಿಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಆಗ್ನೇಯದ ಗಾಳಿ ಪೂರ್ವ ತೀರಕ್ಕೆ ಬಲವಾಗಿ ಬೀಸುವುದರಿಂದ ಆ ದಿನಗಳಲ್ಲಿ ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್ ಅಥವಾ ಉತ್ತರದ ಗ್ರಾಂಡ್ ಬೇ ಕಡೆ ಉಳಿದುಕೊಳ್ಳುವುದು ಮೇಲು.

ಈಗ ಇದನ್ನು ನಮ್ಮ ಶಾಲೆಗಳ ರಜೆಯೊಂದಿಗೆ ಇಟ್ಟು ನೋಡೋಣ. ಬೇಸಿಗೆ ರಜೆಯ ಮೊದಲ ಭಾಗ, ಅಂದರೆ ಏಪ್ರಿಲ್, ಮಾಲ್ಡೀವ್ಸ್‌ಗೆ ಒಳ್ಳೆಯ ಕಾಲ. ಶ್ರೀಲಂಕಾದಲ್ಲಿ ಏಪ್ರಿಲ್ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಬರುತ್ತದೆ. ಅಲ್ಲದೆ ಏಪ್ರಿಲ್ 13 ಮತ್ತು 14ರ ಸುಮಾರಿಗೆ ಸಿಂಹಳೀಯರೂ ತಮಿಳರೂ ಹೊಸ ವರ್ಷ ಆಚರಿಸುವುದರಿಂದ ಅಂಗಡಿ ಹೋಟೆಲುಗಳು ಮುಚ್ಚಿರುತ್ತವೆ, ನುವರ ಎಲಿಯದಂತಹ ಗಿರಿಧಾಮಗಳು ಸ್ಥಳೀಯರಿಂದಲೇ ತುಂಬಿರುತ್ತವೆ. ರಜೆಯ ಎರಡನೆಯ ಭಾಗವಾದ ಮೇ ತಿಂಗಳಿಗೆ ನಾನು ಮಾರಿಷಸ್ ಅನ್ನು ಸೂಚಿಸುತ್ತೇನೆ. ಚಂಡಮಾರುತದ ಕಾಲ ಬಹುಮಟ್ಟಿಗೆ ಮುಗಿದಿರುತ್ತದೆ, ಸೆಕೆ ಇಳಿದಿರುತ್ತದೆ, ನೀರಿನಲ್ಲಿ ಬೇಸಿಗೆಯ ಬಿಸುಪು ಇನ್ನೂ ಉಳಿದಿರುತ್ತದೆ. ದಸರಾ ರಜೆಗಂತೂ ಯೋಚನೆಯೇ ಬೇಡ, ಮೂರು ದೇಶಗಳಲ್ಲಿ ಅಕ್ಟೋಬರ್‌ಗೆ ಹೇಳಿ ಮಾಡಿಸಿದಂತಿರುವುದು ಮಾರಿಷಸ್ ಒಂದೇ. ಡಿಸೆಂಬರ್ ಕೊನೆಯ ರಜೆ ಶ್ರೀಲಂಕಾದ ದಕ್ಷಿಣ ಮತ್ತು ಪಶ್ಚಿಮ ಭಾಗಗಳಿಗೆ ಒಪ್ಪುತ್ತದೆ. ಮಾಲ್ಡೀವ್ಸ್ ಕೂಡ ಆಗ ಚೆನ್ನಾಗಿರುತ್ತದೆ, ಆದರೆ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರದಲ್ಲಿ ಯುರೋಪಿನವರೆಲ್ಲ ಅಲ್ಲಿಗೇ ಬರುವುದರಿಂದ ಬೆಲೆಗಳು ವರ್ಷದಲ್ಲೇ ಅತ್ಯಂತ ಎತ್ತರದಲ್ಲಿರುತ್ತವೆ. ಶಾಲೆಯ ಹಂಗಿಲ್ಲದವರಿಗೆ ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಶ್ರೀಲಂಕಾ ಬಹಳ ಒಳ್ಳೆಯದು.

ಶ್ರೀಲಂಕಾ: ಮೊದಲು ಕೆರೆಗಳ ನಾಡು

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ತಮಿಳುನಾಡಿನ ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ 2023ರ ಅಕ್ಟೋಬರ್‌ನಲ್ಲಿ ಹಡಗು ಸೇವೆಯೂ ಮತ್ತೆ ಆರಂಭವಾಗಿದೆ. ಆದರೆ ಅದು ಹವಾಮಾನಕ್ಕೆ ತಕ್ಕಂತೆ ನಿಂತು ಹೋಗುವ ಸೇವೆಯಾದ್ದರಿಂದ ಮಕ್ಕಳೊಂದಿಗೆ ಹೋಗುವವರು ವಿಮಾನವನ್ನೇ ನೆಚ್ಚುವುದು ಒಳ್ಳೆಯದು.

ಶ್ರೀಲಂಕಾ ಪ್ರವಾಸದಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಬೆಟ್ಟದ ಸೀಮೆಗೆ ಹೆಚ್ಚು ದಿನ ಕೊಡುವುದು. ಕ್ಯಾಂಡಿಯಿಂದ ‘ಎಲ್ಲಾ’ ಎಂಬ ಬೆಟ್ಟದೂರಿಗೆ ಹೋಗುವ ರೈಲು, ಚಹಾ ತೋಟಗಳು, 1921ರಲ್ಲಿ ಮುಗಿದ ದೆಮೋದರದ ಒಂಬತ್ತು ಕಮಾನುಗಳ ಸೇತುವೆ ಇವೆಲ್ಲ ಸೊಗಸಾಗಿವೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕೊಡಗು, ಚಿಕ್ಕಮಗಳೂರು, ಮುನ್ನಾರ್, ಊಟಿಗಳನ್ನು ಕಂಡವರಿಗೆ ಆ ನೋಟ ತೀರ ಹೊಸದಲ್ಲ. ಕ್ಯಾಂಡಿಯಿಂದ ಎಲ್ಲಾವರೆಗಿನ ರೈಲು ಪ್ರಯಾಣವೊಂದಕ್ಕೇ ಆರೇಳು ಗಂಟೆ ಬೇಕು. ಜೊತೆಗೆ 2025ರ ನವೆಂಬರ್ ಕೊನೆಯಲ್ಲಿ ಅಪ್ಪಳಿಸಿದ ದಿತ್ವಾ ಚಂಡಮಾರುತದಿಂದ ಬೆಟ್ಟ ಕುಸಿದು ಅನೇಕ ಜೀವಗಳು ಹೋದವು, ಆ ಸೀಮೆಯ ರೈಲು ಹಳಿಗಳಿಗೂ ರಸ್ತೆಗಳಿಗೂ ದೊಡ್ಡ ಹಾನಿಯಾಯಿತು. ಆದ್ದರಿಂದ ಕ್ಯಾಂಡಿಯಿಂದ ಮುಂದಕ್ಕೆ ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ ರೈಲು ಓಡುತ್ತಿದೆ ಎಂಬುದನ್ನು ಶ್ರೀಲಂಕಾ ರೈಲ್ವೆಯಿಂದ ಖಚಿತಪಡಿಸಿಕೊಂಡ ನಂತರವೇ ಆ ದಾರಿಯ ಹೋಟೆಲುಗಳನ್ನು ಕಾದಿರಿಸಬೇಕು. ದಿನಗಳು ಸಾಲದೆ ಏನಾದರೂ ಬಿಡಲೇಬೇಕಾದರೆ ‘ಎಲ್ಲಾ’ವನ್ನು ಬಿಡಿ, ಹಳೆಯ ರಾಜಧಾನಿ ಪೊಲೊನ್ನರುವವನ್ನು ಬಿಡಬೇಡಿ.

ಈ ಮಾತಿಗೆ ಕಾರಣವಿದೆ. ದ್ವೀಪದ ಉತ್ತರ ಮಧ್ಯಭಾಗ ಮಳೆ ಕಡಿಮೆಯಿರುವ ಬಯಲು ಸೀಮೆ. ಅನುರಾಧಪುರ ಮತ್ತು ಪೊಲೊನ್ನರುವದ ಅರಸರು ಅಲ್ಲಿ ಸಾವಿರಾರು ಕೆರೆಗಳನ್ನು ಕಟ್ಟಿ, ಒಂದರಿಂದ ಒಂದಕ್ಕೆ ಕಾಲುವೆ ಹರಿಸಿ, ಗದ್ದೆ ಬೆಳೆಸಿದರು. ಕೆರೆ, ಏರಿ, ತೂಬು, ಕೋಡಿ ಎಂಬ ಮಾತುಗಳನ್ನು ಹುಟ್ಟಿನಿಂದ ಕೇಳಿರುವ ನಮಗೆ ಅಲ್ಲಿನ ಏರಿಯ ಮೇಲೆ ನಿಂತಾಗ ಆಗುವ ಅನುಭವ ಬೇರೆ ಪ್ರವಾಸಿಗರಿಗೆ ಆಗುವುದಿಲ್ಲ. ಹನ್ನೆರಡನೆಯ ಶತಮಾನದ ಒಂದನೆಯ ಪರಾಕ್ರಮಬಾಹುವಿನ ಹೆಸರಿನ ಪರಾಕ್ರಮ ಸಮುದ್ರ ಇಂದಿಗೂ ನೀರುಣಿಸುತ್ತಿದೆ. ಹೆಸರು ಸಮುದ್ರವಾದರೂ ಅದು ಕೆರೆಯೇ, ನಮ್ಮಲ್ಲಿಯೂ ದೊಡ್ಡ ಕೆರೆಗಳಿಗೆ ಸಮುದ್ರ, ಸಾಗರ ಎಂಬ ಹೆಸರಿಡುವ ರೂಢಿಯಿರುವುದನ್ನು ನೆನೆಯಬಹುದು. ಅದೇ ಊರಿನ ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಕುಳಿತ, ನಿಂತ ಮತ್ತು ಮಲಗಿದ ಬುದ್ಧರನ್ನು ನೋಡಲು ಸಂಜೆಯ ಬಿಸಿಲು ಒಳ್ಳೆಯದು.

ಪೊಲೊನ್ನರುವಕ್ಕೆ ಕರ್ನಾಟಕದ ನಂಟೂ ಇದೆ. ಹನ್ನೊಂದನೆಯ ಶತಮಾನದಲ್ಲಿ ಅದು ಚೋಳರ ಕೈಯಲ್ಲಿತ್ತು. ಆ ಕಾಲದ ಶಿವಾಲಯಗಳು ಇನ್ನೂ ನಿಂತಿವೆ. ಚೋಳರನ್ನು 1070ರ ಸುಮಾರಿಗೆ ಹೊರದೂಡಿದ ಒಂದನೆಯ ವಿಜಯಬಾಹುವಿಗೂ ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನಿಗೂ ನಡುವೆ ರಾಯಭಾರಿಗಳು ಓಡಾಡಿದ್ದರೆಂದು ಸಿಂಹಳದ ಇತಿಹಾಸ ದಾಖಲಿಸುತ್ತದೆ. ಇಬ್ಬರಿಗೂ ಎದುರಾಳಿ ಚೋಳರೇ ಆಗಿದ್ದುದರಿಂದ ಹುಟ್ಟಿದ ಸ್ನೇಹ ಅದು. ಇದನ್ನು ತಿಳಿದು ನೋಡುವ ಕನ್ನಡಿಗರಿಗೆ ಆ ಅವಶೇಷಗಳು ಪರದೇಶದ ಕಲ್ಲುಗಳಾಗಿ ಉಳಿಯುವುದಿಲ್ಲ.

ಹಾಗಾಗಿ ವಿಮಾನ ನಿಲ್ದಾಣವಿರುವ ಕಟುನಾಯಕದಿಂದ ಕೊಲಂಬೊ ನಗರದೊಳಗೆ ಹೋಗದೆ ನೇರವಾಗಿ ದಂಬುಲ್ಲ ಅಥವಾ ಹಬರಣದ ಕಡೆ ಹೊರಟು ಅಲ್ಲಿ ಮೂರು ರಾತ್ರಿ ಉಳಿಯುವುದು ಉತ್ತಮ. ಒಂದೇ ಕಡೆ ನೆಲೆನಿಂತು ಸಿಗಿರಿಯ, ದಂಬುಲ್ಲದ ಗುಹಾಲಯ ಮತ್ತು ಪೊಲೊನ್ನರುವಗಳನ್ನು ನಿಧಾನವಾಗಿ ನೋಡಬಹುದು. ಐದನೆಯ ಶತಮಾನದಲ್ಲಿ ಕಾಶ್ಯಪ ಅರಸ ಕೋಟೆ ಮಾಡಿಕೊಂಡ ಸಿಗಿರಿಯದ ಬಂಡೆಗೆ ಸುಮಾರು 1,200 ಮೆಟ್ಟಿಲು. ಬಾಗಿಲು ತೆರೆಯುತ್ತಿದ್ದಂತೆ ಹತ್ತಲು ಶುರುಮಾಡದಿದ್ದರೆ ಬಿಸಿಲು ಸುಸ್ತುಮಾಡುತ್ತದೆ. ಮಂಡಿನೋವಿನ ಹಿರಿಯರು ಕೆಳಗಿನ ನೀರಿನ ಉದ್ಯಾನಗಳಲ್ಲಿ ಕುಳಿತೂ ಬಂಡೆಯ ಭವ್ಯತೆಯನ್ನು ಕಾಣಬಹುದು. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಹೋದವರು ಹತ್ತಿರದ ಮಿನ್ನೇರಿಯ ಕೆರೆಯ ಅಂಗಳದಲ್ಲಿ ನೂರಾರು ಕಾಡಾನೆಗಳು ಒಟ್ಟಾಗಿ ಮೇಯುವುದನ್ನು ನೋಡಬಹುದು. ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ನಡೆಯುವಂಥದೇ ಸೇರುವಿಕೆ ಅದು.

ಅಲ್ಲಿಂದ ಕ್ಯಾಂಡಿಗೆ ಹೋಗಿ ಬುದ್ಧನ ದಂತಧಾತು ದೇವಾಲಯ ನೋಡಿ, ಉಳಿದ ದಿನಗಳನ್ನು ಕಡಲಿಗೆ ಕೊಡಬಹುದು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಗಾಲೆ ಮತ್ತು ಮಿರಿಸ್ಸಾ. ಪೋರ್ಚುಗೀಸರು ತೊಡಗಿ ಡಚ್ಚರು ಬಲಪಡಿಸಿದ ಗಾಲೆಯ ಕೋಟೆಯೊಳಗೆ ಜನ ಇಂದಿಗೂ ವಾಸವಾಗಿದ್ದಾರೆ, ಮಿರಿಸ್ಸಾದಿಂದ ದೋಣಿಯಲ್ಲಿ ಹೋದರೆ ನೀಲಿ ತಿಮಿಂಗಿಲಗಳು ಕಾಣುವ ಸಂಭವ ಆ ತಿಂಗಳುಗಳಲ್ಲೇ ಹೆಚ್ಚು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ದಕ್ಷಿಣವನ್ನು ಮರೆತು ತ್ರಿಂಕೋಮಲಿಗೆ ಹೋಗಬೇಕು; ಕಡಲಿಗೆ ಚಾಚಿದ ಬಂಡೆಯ ಮೇಲಿನ ಕೋಣೇಶ್ವರ ದೇವಾಲಯವೂ ಅಲ್ಲಿದೆ. ರಾಮಾಯಣದ ಸ್ಥಳಗಳೆಂದು ಮಾರುವ ಪ್ಯಾಕೇಜುಗಳ ಬಗ್ಗೆ ಒಂದು ಮಾತು: ನುವರ ಎಲಿಯ ಬಳಿಯ ಸೀತಾ ಅಮ್ಮನ್ ದೇಗುಲದ ಮೇಲೆ ಭಕ್ತಿಯಿರುವ ಹಿರಿಯರಿಗೆ ಅದೊಂದೇ ಭೇಟಿ ಇಡೀ ಪ್ರವಾಸದ ಸಾರ್ಥಕತೆಯಾಗಬಹುದು, ಅಂಥವರು ಜೊತೆಗಿದ್ದರೆ ಬೆಟ್ಟಕ್ಕೆ ಎರಡು ದಿನ ಖಂಡಿತ ಕೊಡಿ. ಉಳಿದವರು ಆ ಪ್ಯಾಕೇಜಿನಲ್ಲಿ ಪ್ರತಿದಿನ ಎಷ್ಟು ಗಂಟೆ ವ್ಯಾನಿನಲ್ಲಿ ಕಳೆಯುತ್ತದೆ ಎಂಬುದನ್ನು ಕೂಡಿಸಿ ನೋಡಿ ತೀರ್ಮಾನಿಸಲಿ. ಶ್ರೀಲಂಕಾಕ್ಕೆ ಏಳು ರಾತ್ರಿಗಿಂತ ಕಡಿಮೆ ಸಾಲದು.

ಮಾಲ್ಡೀವ್ಸ್: ರೆಸಾರ್ಟೋ ಊರೋ

ನೀರಿಗಿಳಿಯುವ ಆಸೆಯಾಗಲಿ ಧೈರ್ಯವಾಗಲಿ ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ ಮಾಲ್ಡೀವ್ಸ್‌ಗೆ ಹೋಗಬೇಡಿ. ಇದನ್ನು ಕಟುವಾಗಿ ಹೇಳುತ್ತಿಲ್ಲ, ಆ ದೇಶದ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಅಲ್ಲಿ ನೋಡಬೇಕಾದದ್ದೆಲ್ಲ ನೀರಿನ ಕೆಳಗಿದೆ. ಮುಖಕ್ಕೆ ಕನ್ನಡಕ, ಬಾಯಿಗೆ ಉಸಿರುನಳಿಗೆ ಕಟ್ಟಿಕೊಂಡು ಹವಳದ ದಿಬ್ಬದ ಅಂಚಿನಲ್ಲಿ ಅರ್ಧ ಗಂಟೆ ತೇಲಿದರೆ ತೆರೆದುಕೊಳ್ಳುವ ಲೋಕ ದಡದಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಈಜು ಬಾರದವರೂ ತೇಲುಜಾಕೆಟ್ ತೊಟ್ಟು ಮಾರ್ಗದರ್ಶಿಯ ಕೈಹಿಡಿದು ಇದನ್ನು ಮಾಡಬಹುದು. ಹೊರಡುವ ಮೊದಲು ಊರಿನ ಈಜುಕೊಳದಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದರೆ ಭಯ ಬಹಳಷ್ಟು ಕಳೆಯುತ್ತದೆ.

ಇಲ್ಲಿನ ನಿಜವಾದ ಆಯ್ಕೆ ರೆಸಾರ್ಟ್ ದ್ವೀಪಕ್ಕೂ ಜನವಸತಿಯ ದ್ವೀಪಕ್ಕೂ ನಡುವಿನದು. ರೆಸಾರ್ಟ್ ಎಂದರೆ ಇಡೀ ದ್ವೀಪವೇ ಒಂದು ಹೋಟೆಲು. ಜನ ಬದುಕುತ್ತಿರುವ ಸುಮಾರು ಇನ್ನೂರು ದ್ವೀಪಗಳಲ್ಲಿ ಪ್ರವಾಸಿಗರಿಗೆ ಗೆಸ್ಟ್‌ಹೌಸ್ ನಡೆಸಲು ಅವಕಾಶ ದೊರೆತು ಇನ್ನೂ ಎರಡು ದಶಕಗಳಾಗಿಲ್ಲ. ಅದರಿಂದ ಮಾಫುಶಿ, ತುಲುಸ್ದೂ, ಧಿಗುರಾ ಮುಂತಾದ ಊರುಗಳಲ್ಲಿ ಮಧ್ಯಮ ವರ್ಗದವರೂ ಉಳಿಯುವಂತಾಯಿತು. ಈ ಊರುಗಳು ಸಂಪ್ರದಾಯಸ್ಥ ಮುಸ್ಲಿಂ ಊರುಗಳು. ಮದ್ಯ ಸಿಗುವುದಿಲ್ಲ, ಬೀದಿಯಲ್ಲಿ ಮೈ ಮುಚ್ಚುವ ಉಡುಪು ತೊಡಬೇಕು, ಈಜುಡುಪಿಗೆ ಗೊತ್ತುಮಾಡಿದ ಪ್ರತ್ಯೇಕ ಕಡಲತೀರವಿರುತ್ತದೆ, ಶುಕ್ರವಾರ ಸಾರ್ವಜನಿಕ ದೋಣಿಗಳು ಸಾಮಾನ್ಯವಾಗಿ ಓಡುವುದಿಲ್ಲ, ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಊಟದ ಅಂಗಡಿಗಳು ಮುಚ್ಚಿರುತ್ತವೆ. ನಮ್ಮ ಬಹುಪಾಲು ಕುಟುಂಬಗಳಿಗೆ ಇವು ಯಾವುವೂ ಅಡ್ಡಿಯಾಗಲಾರವು. ಸಂಜೆ ಬಂದರಿನ ಬಳಿ ‘ಜೋಲಿ’ ಎಂಬ ಬಲೆಗುರ್ಚಿಗಳಲ್ಲಿ ಕುಳಿತು ಊರವರ ನಡುವೆ ಹೊತ್ತು ಕಳೆಯುವುದು ರೆಸಾರ್ಟಿನಲ್ಲಿ ಸಿಗದ ಸುಖ.

ಖರ್ಚಿನ ವಿಷಯದಲ್ಲಿ ರೆಸಾರ್ಟಿನ ದರವನ್ನು ಓದುವ ಕ್ರಮ ತಿಳಿದಿರಬೇಕು. ಜಾಲತಾಣದಲ್ಲಿ ಒಂದು ರಾತ್ರಿಗೆ 300 ಡಾಲರ್ ಎಂದು ಕಂಡರೆ ಅದರ ಮೇಲೆ ಶೇ. 10 ಸೇವಾಶುಲ್ಕ ಸೇರುತ್ತದೆ. ಹಾಗೆ ಬಂದ 330 ಡಾಲರಿನ ಮೇಲೆ ಪ್ರವಾಸೋದ್ಯಮದ ಜಿಎಸ್‌ಟಿ, 2025ರ ಜುಲೈಯಿಂದ ಶೇ. 17, ಇಬ್ಬರಿಗೆ ಹಸಿರು ತೆರಿಗೆ ರಾತ್ರಿಯೊಂದಕ್ಕೆ ತಲಾ 12 ಡಾಲರಿನಂತೆ 24. ಒಟ್ಟು 410 ಡಾಲರ್ ಆಯಿತು. ದ್ವೀಪಕ್ಕೆ ಕರೆದೊಯ್ಯುವ ಸ್ಪೀಡ್‌ಬೋಟ್ ಅಥವಾ ಸೀಪ್ಲೇನ್ ಬೇರೆ, ಸೀಪ್ಲೇನಿಗೆ ತಲೆಗೆ ನೂರಾರು ಡಾಲರ್ ಬೀಳುತ್ತದೆ. ಚಿಕ್ಕ ಗೆಸ್ಟ್‌ಹೌಸುಗಳಲ್ಲಿ ಹಸಿರು ತೆರಿಗೆ ಅರ್ಧದಷ್ಟು, ರಾಜಧಾನಿ ಮಾಲೆಯ ಸಮೀಪದ ಊರುಗಳಿಗೆ ದೋಣಿಯ ಬಾಡಿಗೆಯೂ ಹಗುರ. ದರಗಳನ್ನು ಹೋಲಿಸುವಾಗ ‘ಎಲ್ಲ ತೆರಿಗೆ ಮತ್ತು ಸಾಗಣೆ ಸೇರಿ’ ಎಂಬ ಮೊತ್ತವನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಇನ್ನೊಂದು ಸೂಕ್ಷ್ಮವಿದೆ. ಸೀಪ್ಲೇನುಗಳು ಹಗಲಿನಲ್ಲಿ ಮಾತ್ರ ಹಾರುತ್ತವೆ. ನಿಮ್ಮ ವಿಮಾನ ಮಧ್ಯಾಹ್ನ ಕಳೆದು ಮಾಲೆಗೆ ಇಳಿಯುವುದಾದರೆ ಆ ದಿನದ ಕೊನೆಯ ಸೀಪ್ಲೇನ್ ತಪ್ಪಿ, ವಿಮಾನ ನಿಲ್ದಾಣದ ಪಕ್ಕದ ಹುಳುಮಾಲೆಯಲ್ಲಿ ಒಂದು ರಾತ್ರಿ ತಂಗಬೇಕಾದೀತು, ಕಾದಿರಿಸಿದ ರೆಸಾರ್ಟಿನ ಒಂದು ರಾತ್ರಿಯ ಹಣ ವ್ಯರ್ಥವಾದೀತು. ಸ್ಪೀಡ್‌ಬೋಟಿನಲ್ಲಿ ತಲುಪಬಹುದಾದ ದ್ವೀಪಕ್ಕೆ ಈ ತೊಡಕಿಲ್ಲ.

ಮಳೆಗಾಲದಲ್ಲಿ ಮಾಲ್ಡೀವ್ಸ್ ಬೇಡವೇ ಬೇಡ ಎನ್ನುವುದೂ ತಪ್ಪು. ‘ಬಾ ಅಟಾಲ್’ ಎಂಬ ಹವಳದ್ವೀಪಗಳ ಗುಂಪಿನ ಹನಿಫಾರು ಕೊಲ್ಲಿಗೆ ಜೂನ್‌ನಿಂದ ನವೆಂಬರ್‌ವರೆಗೆ ನೈಋತ್ಯದ ಗಾಳಿ ಮತ್ತು ಉಬ್ಬರ ಸೇರಿ ಸೂಕ್ಷ್ಮಜೀವಿಗಳ ರಾಶಿಯನ್ನು ತಂದು ತುಂಬುತ್ತವೆ, ಅದನ್ನು ತಿನ್ನಲು ದೈತ್ಯ ಮಾಂಟಾ ತೊರಕೆ ಮೀನುಗಳು ಹಿಂಡುಹಿಂಡಾಗಿ ಬರುತ್ತವೆ. ಅಲ್ಲಿ ಡೈವಿಂಗ್ ನಿಷಿದ್ಧ, ಮಾರ್ಗದರ್ಶಿಯೊಂದಿಗೆ ಉಸಿರುನಳಿಗೆ ಕಟ್ಟಿ ತೇಲುವ ಸ್ನಾರ್ಕೆಲಿಂಗ್ ಮಾತ್ರ. ಅದನ್ನೇ ನೋಡಬೇಕೆಂದು ಹೋಗುವವರಿಗೆ ಮಳೆಗಾಲವೇ ಸರಿಯಾದ ಕಾಲ, ಹತ್ತಿರದ ಧರವಂಧೂ ಊರಿನ ಗೆಸ್ಟ್‌ಹೌಸೇ ಸರಿಯಾದ ಜಾಗ. ನಾಲ್ಕು ರಾತ್ರಿ ಸಾಕು.

ಮಾರಿಷಸ್: ಮೂರು ತಲೆಮಾರಿಗೂ ಒಪ್ಪುವ ದ್ವೀಪ

ಮುಂಬೈಯಿಂದ ಸುಮಾರು ಆರು ಗಂಟೆಯ ಹಾರಾಟ. ಟಿಕೆಟ್ಟಿನ ಖರ್ಚು ಮೂರರಲ್ಲಿ ಇದಕ್ಕೇ ಹೆಚ್ಚು. ಅಷ್ಟು ದೂರ ಹೋಗಿ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ನನ್ನ ಉತ್ತರ ರಾಜಧಾನಿ ಪೋರ್ಟ್ ಲೂಯಿಸ್‌ನಲ್ಲಿ ವಲಸಿಗರು ಬಂದಿಳಿಯುತ್ತಿದ್ದ ಆಪ್ರವಾಸಿ ಘಾಟ್‌ನಿಂದ ಆರಂಭವಾಗುತ್ತದೆ. ಗುಲಾಮಗಿರಿಯನ್ನು ನಿಲ್ಲಿಸಿದ ಬ್ರಿಟಿಷರು ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳನ್ನು ತರಿಸತೊಡಗಿದರು, 1834ರ ನವೆಂಬರ್ 2ರಂದು ಮೊದಲ ಗುಂಪು ಇಳಿಯಿತು. ಮುಂದೆ 1920ರವರೆಗೆ ಬಂದವರ ಸಂಖ್ಯೆ ಐದು ಲಕ್ಷದ ಸಮೀಪ, ಅವರಲ್ಲಿ ಬಹುಪಾಲು ಭಾರತದವರು. ಅವರು ಹತ್ತಿ ಬಂದ ಕಲ್ಲಿನ ಮೆಟ್ಟಿಲುಗಳು ಇನ್ನೂ ಇವೆ. ಕಡಲತೀರದ ಪ್ರವಾಸವೆಂದು ಬಂದವರೂ ಇಲ್ಲಿ ಒಂದು ಬೆಳಗನ್ನು ಕಳೆಯಲೇಬೇಕು. ಆ ಜನರ ವಂಶಸ್ಥರೇ ಇಂದು ಆ ದೇಶವನ್ನು ನಡೆಸುತ್ತಿರುವವರು.

ಈ ಚರಿತ್ರೆಯ ಫಲವಾಗಿ ನಮ್ಮ ಹಿರಿಯರಿಗೆ ಅಲ್ಲಿ ಪರಕೀಯತೆ ಕಾಡುವುದಿಲ್ಲ. ಬೆಟ್ಟದ ಮೇಲಿನ ಗಂಗಾ ತಲಾವ್ ಸರೋವರದ ಬಳಿ 108 ಅಡಿಯ ಶಿವನ ವಿಗ್ರಹವಿದೆ, ಮಹಾಶಿವರಾತ್ರಿಗೆ ದೇಶದ ಮೂಲೆಮೂಲೆಯಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ತೆಲುಗು ಸಮುದಾಯದ ಕಾರಣದಿಂದ ಯುಗಾದಿಗೂ ಅಲ್ಲಿ ಸಾರ್ವಜನಿಕ ರಜೆ. ದ್ವೀಪ ಚಿಕ್ಕದಾದ್ದರಿಂದ ಒಂದೇ ಕಡೆ ಮನೆಯಂತಹ ಅಪಾರ್ಟ್‌ಮೆಂಟ್ ಹಿಡಿದು, ಅಡುಗೆಮನೆಯಲ್ಲಿ ಅನ್ನ ಸಾರು ಮಾಡಿಕೊಂಡು, ದಿನಕ್ಕೊಂದು ದಿಕ್ಕಿಗೆ ಹೋಗಿ ಸಂಜೆ ಮರಳಬಹುದು. ವಾಹನ ಸಂಚಾರ ನಮ್ಮಂತೆ ಎಡಬದಿಯಲ್ಲಿ. ಬಸ್ಸುಗಳು ಎಲ್ಲ ಕಡೆಗೂ ಇವೆ, ಆದರೆ ಸಂಜೆ ಬೇಗನೆ ನಿಲ್ಲುತ್ತವೆ, ಹೀಗಾಗಿ ಬಾಡಿಗೆ ಕಾರು ಅನುಕೂಲ. ದ್ವೀಪವನ್ನು ಬಹುಪಾಲು ಸುತ್ತುವರಿದ ಹವಳದ ಗೋಡೆ ದೊಡ್ಡ ಅಲೆಗಳನ್ನು ಹೊರಗೇ ತಡೆಯುವುದರಿಂದ ಮಕ್ಕಳಿಗೆ ಮೊಣಕಾಲುದ್ದದ ಶಾಂತ ನೀರು ಸಿಗುತ್ತದೆ. ಹವಳದ ಚೂರು ಮತ್ತು ಮುಳ್ಳಿನ ಕಡಲಜೀವಿಗಳಿರುವುದರಿಂದ ನೀರಿಗಿಳಿಯುವಾಗ ರಬ್ಬರಿನ ಪಾದರಕ್ಷೆ ಇರಲಿ.

ಜಾಹೀರಾತಿನಲ್ಲಿ ಕಾಣುವ ‘ಸಮುದ್ರದೊಳಗಿನ ಜಲಪಾತ’ ಲೆ ಮೋರ್ನ್ ಬೆಟ್ಟದ ಬಳಿ ಮರಳು ಇಳಿದುಹೋಗುವುದರಿಂದ ಉಂಟಾಗುವ ಕಣ್ಣಿನ ಭ್ರಮೆ. ಹೆಲಿಕಾಪ್ಟರ್ ಅಥವಾ ಸೀಪ್ಲೇನಿನಿಂದ ಮಾತ್ರ ಕಾಣುತ್ತದೆ. ಅದಕ್ಕೆ ಹಣ ಸುರಿಯುವ ಬದಲು ಓಡಿಹೋದ ಗುಲಾಮರು ಅಡಗಿದ್ದ ಆ ಬೆಟ್ಟವನ್ನೇ ಹತ್ತುವುದು ಒಳ್ಳೆಯದು.

ಇಷ್ಟು ದೂರ ಬರುವುದಾದರೆ ಸೆಶೆಲ್ಸ್ ಏಕಲ್ಲ ಎಂದು ಕೇಳುವವರಿದ್ದಾರೆ. ಗ್ರಾನೈಟ್ ಬಂಡೆಗಳ ಆ ತೀರಗಳಿಗೆ ಸಾಟಿಯಿಲ್ಲ. ನಮ್ಮ ಸನ್ಯಾಸಿಗಳ ಕಮಂಡಲಕ್ಕೆ ಒದಗಿದ ಕಡಲತೆಂಗು ಅಲ್ಲಿನ ಪ್ರಾಲಿನ್ ದ್ವೀಪದ ಕಾಡಿನದೇ. ಅದರ ಕಾಯಿಗಳು ತೇಲಿ ಮಾಲ್ಡೀವ್ಸ್ ದಡಕ್ಕೆ ಬರುತ್ತಿದ್ದುದರಿಂದ ಅದರ ಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ಮಾಲ್ಡೀವ್ಸ್ ಉಳಿದಿದೆ. ಆದರೆ ಊಟ ವಸತಿಗಳೆರಡೂ ದುಬಾರಿ. ಮೊದಲ ದ್ವೀಪಪ್ರವಾಸಕ್ಕೆ ನಾನು ಅದನ್ನು ಹೇಳುವುದಿಲ್ಲ.

ಊಟದ ಮಾತು

ಸಸ್ಯಾಹಾರಿಗಳಿಗೆ ಮಾರಿಷಸ್ ಸುಲಭ. ಬೀದಿಬದಿಯ ‘ಧೋಲ್ ಪುರಿ’ ಎಂದರೆ ಬೇಳೆ ಅರೆದು ಒಳಗಿಟ್ಟು ತೆಳುವಾಗಿ ಲಟ್ಟಿಸಿದ ರೊಟ್ಟಿ; ಸಿಹಿಯಿಲ್ಲದ ಹೋಳಿಗೆ ಎಂದುಕೊಂಡರೆ ಹತ್ತಿರವಾಗುತ್ತದೆ. ಶ್ರೀಲಂಕಾದ ಊಟ ನೋಡಲು ನಮ್ಮದೇ. ಅನ್ನ, ನಾಲ್ಕಾರು ತರಕಾರಿ ಪಲ್ಯ, ಬೇಳೆ, ತೆಂಗಿನ ಹಾಲಿನ ಸಾರು, ಅಪ್ಪ, ಒತ್ತುಶಾವಿಗೆ ಎಲ್ಲ ಇರುತ್ತವೆ. ಆದರೆ ಕಾಯಿಚಟ್ನಿಯಂತೆ ಕಾಣುವ ‘ಪೋಲ್ ಸಂಬೋಲ’ಕ್ಕೂ ಹಲವು ಪಲ್ಯಗಳಿಗೂ ‘ಉಂಬಲಕಡ’ ಎಂಬ ಒಣಮೀನಿನ ಪುಡಿ ಹಾಕುವ ರೂಢಿಯಿದೆ. ತರಕಾರಿ ಊಟವೇ ಎಂದು ಕೇಳಿದರೆ ಹೌದೆಂದೇ ಹೇಳುತ್ತಾರೆ, ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ‘ಉಂಬಲಕಡ ಹಾಕಬೇಡಿ’ ಎಂದು ಹೆಸರು ಹಿಡಿದೇ ಹೇಳಬೇಕು. ಆ ಒಣಮೀನು ಹೆಸರುವಾಸಿಯಾಗಿರುವುದೇ ಮಾಲ್ಡೀವ್ಸ್‌ನಿಂದ, ಅಲ್ಲಿಯಂತೂ ಬೆಳಗಿನ ತಿಂಡಿ ‘ಮಸ್ ಹುನಿ’ಯೇ ಮೀನು, ತೆಂಗಿನತುರಿ, ಈರುಳ್ಳಿ ಕಲಸಿದ್ದು. ಮಾಲ್ಡೀವ್ಸ್‌ನ ಗೆಸ್ಟ್‌ಹೌಸಿಗೆ ಹೋಗುವ ಸಸ್ಯಾಹಾರಿಗಳು ವಾರ ಮೊದಲೇ ಪತ್ರ ಬರೆದು ತಿಳಿಸಬೇಕು, ಅವಲಕ್ಕಿ, ಚಟ್ನಿಪುಡಿ ಜೊತೆಗೊಯ್ಯಬೇಕು. ತರಕಾರಿಗಳು ಬಹುಪಾಲು ಅಲ್ಲಿಗೆ ಹೊರದೇಶಗಳಿಂದ ಬರಬೇಕಾದವು.

ಕಾಗದಪತ್ರ ಮತ್ತು ಹಣ

ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಲಿ. ಮಾಲ್ಡೀವ್ಸ್‌ನಲ್ಲಿ ಇಳಿದ ಮೇಲೆ ಶುಲ್ಕವಿಲ್ಲದೆ ವೀಸಾ ಸಿಗುತ್ತದೆ, ಆದರೆ ಪ್ರಯಾಣಕ್ಕೆ ಮುಂಚಿನ 96 ಗಂಟೆಗಳೊಳಗೆ ‘ಇಮುಗಾ’ ಎಂಬ ಸರ್ಕಾರಿ ಜಾಲತಾಣದಲ್ಲಿ ಘೋಷಣೆ ತುಂಬಬೇಕು. ಮಾರಿಷಸ್‌ಗೂ ಭಾರತೀಯರು ಮುಂಚಿತವಾಗಿ ವೀಸಾ ಪಡೆಯಬೇಕಾಗಿಲ್ಲ. ಶ್ರೀಲಂಕಾದ ನಿಯಮ ಮತ್ತು ಶುಲ್ಕ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬದಲಾಗಿರುವುದರಿಂದ, ‘ಇಟಿಎ’ ಎಂಬ ಪ್ರವೇಶ ಪರವಾನಗಿಯನ್ನು ಆ ದೇಶದ ಸರ್ಕಾರಿ ಜಾಲತಾಣದಲ್ಲೇ ಹೊರಡುವ ಮೊದಲು ಪಡೆದಿಟ್ಟುಕೊಳ್ಳಬೇಕು. ಅದೇ ಬಗೆಯ ಹೆಸರಿಟ್ಟುಕೊಂಡು ಹೆಚ್ಚು ಹಣ ಕೀಳುವ ಖಾಸಗಿ ತಾಣಗಳಿವೆ. ಶ್ರೀಲಂಕಾ ಮತ್ತು ಮಾರಿಷಸ್‌ಗಳಲ್ಲಿ 2024ರ ಫೆಬ್ರವರಿಯಿಂದ ಯುಪಿಐ ಮೂಲಕ ಹಣ ಕೊಡುವ ಏರ್ಪಾಡು ಇದೆ, ಎಲ್ಲ ಅಂಗಡಿಗಳಲ್ಲಿ ನಡೆಯುತ್ತದೆಂದು ನಂಬಿ ಹೋಗುವಂತಿಲ್ಲ. ಮಾಲ್ಡೀವ್ಸ್‌ಗೆ ಚಿಕ್ಕ ಮೊತ್ತದ ಡಾಲರ್ ನೋಟುಗಳಿರಲಿ.

ಮಾಲ್ಡೀವ್ಸ್‌ನ ಸುಂಕದ ಕಾನೂನು ಪೂಜೆಯ ವಿಗ್ರಹಗಳನ್ನು ಒಳತರುವುದನ್ನು ನಿಷೇಧಿಸುತ್ತದೆ. ನಮ್ಮ ಮನೆಗಳಲ್ಲಿ ಅಜ್ಜಿಯರು ಪ್ರಯಾಣದ ಚೀಲದಲ್ಲಿ ಪುಟ್ಟ ಗಣಪನನ್ನೋ ಬಾಲಕೃಷ್ಣನನ್ನೋ ಇಟ್ಟುಕೊಳ್ಳುವುದು ಸಹಜವಾದ್ದರಿಂದ ಇದನ್ನು ಅವರಿಗೆ ಹೊರಡುವ ಹಿಂದಿನ ದಿನವೇ ಮೆಲ್ಲಗೆ ತಿಳಿಸಿ, ವಿಗ್ರಹವನ್ನು ಮನೆಯಲ್ಲೇ ಬಿಟ್ಟು ಬರಲು ಒಪ್ಪಿಸಬೇಕು. ಅದು ಸಾಧ್ಯವಿಲ್ಲವೆಂದು ಅಜ್ಜಿ ಹೇಳಿದರೆ, ಮೇ ತಿಂಗಳ ರಜೆಗೆ ಮಾರಿಷಸ್ ಟಿಕೆಟ್ಟಿನ ದರ ವಿಚಾರಿಸಿ.